ಜೀನನ್ನು ಎಚ್ಚರಿಸುವ ಮಧ್ಯಸ್ಥರು

ರಕ್ತದಲ್ಲಿ ಕೊಲೆಸ್ಟೆರಾಲಿನ ಪ್ರಮಾಣ ಮಿತಿಮೀರಿರುವವರಿಗೆ ವೈದ್ಯರು ಕೊಡುವ ಔಷಧಿಗಳಲ್ಲಿ ‘ಸ್ಟ್ಯಾಟಿನ್’ ಎಂಬ ವರ್ಗದ ಗುಳಿಗೆಗಳು ಮುಖ್ಯವಾದವು. ಜಪಾನಿನ ಅಕಿರ ಎಂಡೊ ಅವರು ೧೯೭೦ರ ದಶಕದಲ್ಲಿ ಒಂದು ಬಗೆಯ ಬೂಷ್ಟಿನಿಂದ ಈ ವರ್ಗದ ಮೊದಲನೆಯ ವಸ್ತುವನ್ನು ಬೇರ್ಪಡಿಸಿದರು. ಮನೆಯ ಹಿರಿಯರಲ್ಲಿ ಯಾರಾದರೊಬ್ಬರು ಇದನ್ನು ದಿನವೂ ಸೇವಿಸುತ್ತಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಗುಳಿಗೆಯು ರಕ್ತವನ್ನು ಸೇರಿ ಅಲ್ಲಿರುವ ಕೊಲೆಸ್ಟೆರಾಲನ್ನು ಕರಗಿಸಿಬಿಡುತ್ತದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅದು ಹಾಗೇನೂ ಮಾಡುವುದಿಲ್ಲ. ಯಕೃತ್ತಿನ ಜೀವಕೋಶಗಳು ತಮ್ಮೊಳಗೆ ಕೊಲೆಸ್ಟೆರಾಲನ್ನು ತಯಾರಿಸಿಕೊಳ್ಳಲು ಬಳಸುವ ಒಂದು ಕಿಣ್ವಕ್ಕೆ ಅದು ಅಡ್ಡಿಯನ್ನೊಡ್ಡುತ್ತದೆ, ಅಷ್ಟೆ. ಒಳಗಿನ ಉತ್ಪಾದನೆ ಕುಗ್ಗಿದೊಡನೆ ಕೋಶಕ್ಕೆ ಕೊರತೆಯುಂಟಾಗುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳಲು ಅದು ಹೊರಗೆ ಹರಿಯುತ್ತಿರುವ ರಕ್ತದಿಂದ ಕೊಲೆಸ್ಟೆರಾಲನ್ನು ಸೆಳೆದುಕೊಳ್ಳತೊಡಗುತ್ತದೆ. ಹೀಗೆ ಸೆಳೆಯುವುದಕ್ಕೆ ಕೋಶದ ಮೈಮೇಲೆ ಎಲ್.ಡಿ.ಎಲ್. ಗ್ರಾಹಕವೆಂಬ ಪ್ರೋಟೀನಿನ ಅಣುಗಳು ಹೆಚ್ಚು ಸಂಖ್ಯೆಯಲ್ಲಿ ಬೇಕು. ಅವು ಬೇಕಾದರೆ ಆ ಪ್ರೋಟೀನಿಗೆ ಸಂಬಂಧಿಸಿದ ಜೀನು ಹೆಚ್ಚು ಸಲ ಓದಲ್ಪಡಬೇಕು.

ಎಂದರೆ, ಗುಳಿಗೆಯ ಗುಣ ಕಾಣಬೇಕಾದರೆ ಕೋಶಕೇಂದ್ರದೊಳಗೆ ಅರೆನಿದ್ರೆಯಲ್ಲಿರುವ ಒಂದು ಜೀನು ಎಚ್ಚರಗೊಳ್ಳಬೇಕು. ಅದನ್ನು ಎಚ್ಚರಿಸುವವರು ಯಾರು? ಈ ಪ್ರಶ್ನೆಗೆ ಮೊದಲು ದೊರೆತ ಉತ್ತರ ಬಹು ಸರಳವಾಗಿತ್ತು. ಅದು ಸಾಲದೆಂಬುದು ೧೯೯೦ರ ಸುಮಾರಿಗೆ ತಿಳಿದುಬಂದ ಬಗೆಯೂ, ಅದರಿಂದ ಬೆಳಕಿಗೆ ಬಂದ ‘ಸಹಪ್ರಚೋದಕ’ಗಳೆಂಬ ಪ್ರೋಟೀನು ಕೂಟಗಳೂ ಈ ಲೇಖನದ ವಿಷಯ.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸುಮಾರು ೨ ಮೀಟರು ಉದ್ದದಷ್ಟು ಡಿ.ಎನ್.ಎ. ಎಳೆ ಅಡಗಿದೆ. ಪ್ರೋಟೀನುಗಳನ್ನು ನಿರ್ದೇಶಿಸುವ ಸುಮಾರು ೨೦,೦೦೦ ಜೀನುಗಳು ಅದರಲ್ಲಿ ಚದುರಿಕೊಂಡಿವೆ. ಯಕೃತ್ತಿನ ಕೋಶದಲ್ಲಿರುವ ಜೀನುಗಳೇ ಮಿದುಳಿನ ಕೋಶದಲ್ಲಿಯೂ ಇವೆ. ವ್ಯತ್ಯಾಸವಿರುವುದು ಯಾವುವು ಓದಲ್ಪಡುತ್ತವೆ, ಎಷ್ಟು ಓದಲ್ಪಡುತ್ತವೆ ಎಂಬುದರಲ್ಲಿ. ಓದುವುದೆಂದರೆ ಜೀನಿನ ಅಕ್ಷರಕ್ರಮವನ್ನು ಅನುಸರಿಸಿ ಆರ್.ಎನ್.ಎ. ಎಂಬ ಪ್ರತಿಯನ್ನು ಬರೆದುಕೊಳ್ಳುವುದು. ಇದಕ್ಕೆ ಪ್ರತಿಲೇಖನವೆಂದು ಹೆಸರು. ಈ ಪ್ರತಿಯನ್ನು ಬರೆಯುವ ಲಿಪಿಕಾರನೇ ಆರ್.ಎನ್.ಎ. ಪಾಲಿಮರೇಸ್ ಎಂಬ ಕಿಣ್ವ. ಉನ್ನತ ಜೀವಿಗಳಲ್ಲಿ ಇಂಥ ಕಿಣ್ವಗಳು ಮೂರು ಇವೆಯೆಂಬುದನ್ನು ರಾಬರ್ಟ್ ರೋಡರ್ ಅವರು ೧೯೬೯ರಲ್ಲಿ ತೋರಿಸಿದರು. ಪ್ರೋಟೀನುಗಳ ಜೀನುಗಳನ್ನು ಓದುವುದು ಇವುಗಳಲ್ಲಿ ಎರಡನೆಯದು.

ಈ ಲಿಪಿಕಾರ ಬರೆಯುವುದರಲ್ಲಿ ನಿಪುಣ. ಆದರೆ ಎಲ್ಲಿ ಆರಂಭಿಸಬೇಕೆಂಬುದು ಅದಕ್ಕೆ ತಾನಾಗಿ ತಿಳಿಯದು. ಜೀನಿನ ಆರಂಭಸ್ಥಾನದಲ್ಲಿ ಮೊದಲು ಕೆಲವು ಸಾಮಾನ್ಯ ಸಹಾಯಕ ಪ್ರೋಟೀನುಗಳು ನೆಲೆಗೊಂಡು ಅದಕ್ಕೆ ಸ್ಥಳ ತೋರಿಸಬೇಕು. ಇವು ಎಲ್ಲ ಜೀನುಗಳಿಗೂ ಸಮಾನವಾದ ಪರಿವಾರ. ಇವುಗಳಿಂದ ನಡೆಯುವ ಓದು ಬಹಳ ಮಂದವಾದದ್ದು. ‘ಈಗ ಈ ಜೀನನ್ನೇ ಓದು, ಬೇಗ ಓದು’ ಎಂಬ ಆಜ್ಞೆಯನ್ನು ತರುವವು ಬೇರೆಯೇ ಪ್ರೋಟೀನುಗಳು. ಅವುಗಳಿಗೆ ಪ್ರಚೋದಕಗಳೆನ್ನೋಣ. ಪ್ರಚೋದಕವು ಡಿ.ಎನ್.ಎ.ಯ ಮೇಲೆ ತನಗೆ ಮೀಸಲಾದ ಹತ್ತಾರು ಅಕ್ಷರಗಳ ಒಂದು ಗುರುತನ್ನು ಹುಡುಕಿ ಅಲ್ಲಿ ಅಂಟಿಕೊಳ್ಳುತ್ತದೆ.

ನಮ್ಮ ಎಲ್.ಡಿ.ಎಲ್. ಗ್ರಾಹಕದ ಜೀನನ್ನೇ ನೋಡೋಣ. ಅದು ೧೯ನೆಯ ವರ್ಣತಂತುವಿನಲ್ಲಿದೆ. ಅದರ ಆರಂಭಸ್ಥಾನಕ್ಕೆ ಸ್ವಲ್ಪ ಹಿಂದೆ ಮೂರು ಗುರುತುಗಳು ಸಾಲಾಗಿವೆ. ಮೊದಲನೆಯದೂ ಮೂರನೆಯದೂ ‘ಎಸ್‌ಪಿ-೧’ ಎಂಬ ಪ್ರಚೋದಕದ ಸ್ಥಾನಗಳು. ಎಸ್‌ಪಿ-೧ ನಮ್ಮ ಕೋಶಗಳಲ್ಲಿ ಸದಾ ಇರುವಂಥದು. ಅಮೆರಿಕದ ಬರ್ಕ್‌ಲಿಯಲ್ಲಿ ರಾಬರ್ಟ್ ಟಿಜಿಯನ್ ಮತ್ತು ಸಂಗಡಿಗರು ೧೯೮೩ರಲ್ಲಿ ಅದನ್ನು ವರ್ಣಿಸಿದರು. ನಡುವಣ ಗುರುತು ‘ಎಸ್.ಆರ್.ಇ.ಬಿ.ಪಿ.’ ಎಂಬ ಇನ್ನೊಂದಕ್ಕೆ ಸೇರಿದ್ದು. ಕೊಲೆಸ್ಟೆರಾಲಿನ ಸಮಾಚಾರವನ್ನು ತರುವುದು ಇದೇ. ಕೋಶದಲ್ಲಿ ಕೊಲೆಸ್ಟೆರಾಲ್ ಸಮೃದ್ಧವಾಗಿರುವ ತನಕ ಇದು ಕೋಶಕೇಂದ್ರದ ಹೊರಗಿನ ಪೊರೆಗಳಲ್ಲಿ ಬಂಧಿಯಾಗಿರುತ್ತದೆ. ಕೊಲೆಸ್ಟೆರಾಲ್ ಕಡಿಮೆಯಾದಾಗ ಎರಡು ಕಿಣ್ವಗಳು ಒಂದಾದ ಮೇಲೊಂದರಂತೆ ಇದನ್ನು ಕತ್ತರಿಸುತ್ತವೆ. ಬಿಡುಗಡೆಯಾದ ತುಂಡು ಕೋಶಕೇಂದ್ರವನ್ನು ಹೊಕ್ಕು ತನ್ನ ಗುರುತಿನ ಮೇಲೆ ಕುಳಿತುಕೊಳ್ಳುತ್ತದೆ. ಈ ಗ್ರಾಹಕವನ್ನು ಕಂಡುಹಿಡಿದು ೧೯೮೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರ ಡಲ್ಲಸ್ ನಗರದ ಪ್ರಯೋಗಶಾಲೆಯಿಂದಲೇ ಈ ಪ್ರಚೋದಕದ ವೃತ್ತಾಂತವೂ ಹೊರಬಂದಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಮಾಚಾರವನ್ನು ತರುವುದು ಎಸ್.ಆರ್.ಇ.ಬಿ.ಪಿ. ಆದರೂ ಅದು ಒಂಟಿಯಾಗಿ ಬಹು ದುರ್ಬಲ. ಪಕ್ಕದಲ್ಲಿ ಎಸ್‌ಪಿ-೧ ಇದ್ದಾಗ ಮಾತ್ರ ಜೀನು ಚುರುಕಾಗುತ್ತದೆ; ಎರಡೂ ಸೇರಿದಾಗ ಕಾಣುವ ಪರಿಣಾಮ ಅವುಗಳ ಪ್ರತ್ಯೇಕ ಪರಿಣಾಮಗಳ ಮೊತ್ತಕ್ಕಿಂತ ಬಹಳ ಹೆಚ್ಚು. ಎಸ್‌ಪಿ-೧ರ ಸ್ಥಾನದಲ್ಲಿ ಕೇವಲ ಒಂದು ಅಕ್ಷರ ಬದಲಾದುದರಿಂದ ಆನುವಂಶಿಕವಾಗಿ ಅಧಿಕ ಕೊಲೆಸ್ಟೆರಾಲಿಗೆ ಗುರಿಯಾದ ಪ್ರಕರಣವೊಂದನ್ನು ಫಿನ್ಲೆಂಡಿನ ವಿಜ್ಞಾನಿಗಳು ೧೯೯೪ರಲ್ಲಿ ಪ್ರಕಟಿಸಿದರು. ಒಂದೂ ಒಂದೂ ಸೇರಿ ಎರಡಾಗದೆ ಹತ್ತಾಗುವುದು ಹೇಗೆ? ಎರಡು ಪ್ರಚೋದಕಗಳೂ ಒಂದೇ ಮೂರನೆಯ ವಸ್ತುವನ್ನು ಎರಡು ಕಡೆಗಳಿಂದ ಹಿಡಿದುಕೊಳ್ಳುತ್ತಿದ್ದರೆ ಹಾಗಾಗುವುದು ಸಾಧ್ಯ. ಆದರೆ ಅಂಥ ಮೂರನೆಯ ವಸ್ತುವೊಂದಿದೆಯೆಂದು ಮೊದಲು ಯಾರೂ ಭಾವಿಸಿರಲಿಲ್ಲ. ಪ್ರಚೋದಕದ ಒಂದು ತುದಿ ಡಿ.ಎನ್.ಎ.ಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೇರವಾಗಿ ಲಿಪಿಕಾರನ ಪರಿವಾರವನ್ನು ತಟ್ಟಿ ಎಬ್ಬಿಸುತ್ತದೆ ಎಂಬುದೇ ಆಗಿನ ಸರಳ ಚಿತ್ರವಾಗಿತ್ತು.

ಈ ಚಿತ್ರ ಸಾಲದೆಂಬುದು ಎರಡು ಕಡೆಗಳಲ್ಲಿ ಬೇರೆ ಬೇರೆಯಾಗಿ ತಿಳಿದುಬಂದಿತು. ಒಂದು ಸುಳಿವು ಸಿಕ್ಕಿದ್ದು ಹಿಟ್ಟನ್ನು ಹುದುಗಿಸುವ ಯೀಸ್ಟಿನಲ್ಲಿ. ೧೯೮೮ರಲ್ಲಿ ಗ್ರೇಸ್ ಗಿಲ್ ಮತ್ತು ಮಾರ್ಕ್ ಟಾಷ್ನೆ ಅವರು ಯೀಸ್ಟಿನ ಒಂದು ಪ್ರಚೋದಕವನ್ನು ಕೋಶದಲ್ಲಿ ಮಿತಿಮೀರಿ ತುಂಬಿ ನೋಡಿದರು. ಹೆಚ್ಚು ಪ್ರಚೋದಕವಿದ್ದರೆ ಹೆಚ್ಚು ಪ್ರಚೋದನೆಯಾಗಬೇಕಷ್ಟೆ? ಆದುದು ವಿಪರೀತ. ಆ ಪ್ರಚೋದಕಕ್ಕೆ ಯಾವ ಸಂಬಂಧವೂ ಇಲ್ಲದ, ಅದರ ಗುರುತೇ ಇಲ್ಲದ ಬೇರೆ ಜೀನುಗಳ ಓದು ಕೂಡ ಕುಂದಿತು. ಇದರ ಅರ್ಥವನ್ನು ಹೀಗೆ ಬಿಡಿಸಬಹುದು. ಮದುವೆಯ ಮನೆಯಲ್ಲಿ ಬಡಿಸುವವರು ನಾಲ್ಕೇ ಜನರಿದ್ದಾರೆನ್ನೋಣ. ಅಂಗಳದಲ್ಲಿ ನಿಂತ ನೂರು ಜನ ಒಬ್ಬೊಬ್ಬ ಬಡಿಸುವವನ ತೋಳನ್ನು ಹಿಡಿದು ಮಾತಿಗೆ ನಿಲ್ಲಿಸಿಕೊಂಡರೆ ಪಂಕ್ತಿಯಲ್ಲಿ ಕುಳಿತವರ ಎಲೆಗಳು ಬರಿದಾಗಿಯೇ ಇರುತ್ತವೆ. ಹಾಗೆಯೇ ಇಲ್ಲಿಯೂ ಡಿ.ಎನ್.ಎ.ಯ ಮೇಲೆ ಸ್ಥಳ ಸಿಕ್ಕದೆ ಅಲೆಯುವ ಪ್ರಚೋದಕಗಳು ಪರಿಮಿತ ಸಂಖ್ಯೆಯಲ್ಲಿರುವ ಯಾವುದೋ ವಸ್ತುವನ್ನು ಹಿಡಿದಿಟ್ಟುಕೊಂಡಿರಬೇಕು.

ಆ ವಸ್ತುವೇನು? ಲಿಪಿಕಾರನೇ ಇರಬಹುದಲ್ಲವೆ, ಅಥವಾ ಅದರ ಸಾಮಾನ್ಯ ಪರಿವಾರದಲ್ಲಿ ಯಾವುದಾದರೊಂದು? ಸ್ಟ್ಯಾನ್‌ಫರ್ಡಿನಲ್ಲಿ ರೋಜರ್ ಕಾರ್ನ್‌ಬರ್ಗ್ ಮತ್ತು ಸಹೋದ್ಯೋಗಿಗಳು ಇದನ್ನು ಪರೀಕ್ಷಿಸಿದರು. ಯೀಸ್ಟನ್ನು ಒಡೆದು ತೆಗೆದ ರಸದಲ್ಲಿ, ಗಾಜಿನ ನಳಿಕೆಯೊಳಗೆ, ಪ್ರಚೋದಕದ ಅತಿರೇಕದಿಂದ ಪ್ರತಿಲೇಖನವನ್ನು ಕುಗ್ಗಿಸಿ, ಆಮೇಲೆ ಒಂದೊಂದಾಗಿ ಬೇರೆ ಬೇರೆ ಅಂಶಗಳನ್ನು ಸೇರಿಸುತ್ತ ಹೋದರು. ಗೊತ್ತಿದ್ದ ಸಹಾಯಕಗಳಾಗಲಿ ಲಿಪಿಕಾರನಾಗಲಿ ಕೊರತೆಯನ್ನು ನೀಗಿಸಲಿಲ್ಲ. ಹೆಸರಿಲ್ಲದ ಒಂದು ಭಾಗವನ್ನು ಸೇರಿಸಿದಾಗ ನೀಗಿತು. ೧೯೯೦ರಲ್ಲಿ ಅವರು ಅದಕ್ಕೆ ‘ಮೀಡಿಯೇಟರ್’, ಎಂದರೆ ಮಧ್ಯಸ್ಥ, ಎಂದು ಹೆಸರಿಟ್ಟರು. ಅದನ್ನು ಶುದ್ಧಗೊಳಿಸಿ ಅದು ಸುಮಾರು ಇಪ್ಪತ್ತು ಪ್ರೋಟೀನುಗಳ ಒಂದು ಕೂಟವೆಂದು ತೋರಿಸುವುದಕ್ಕೆ ೧೯೯೪ರ ವರೆಗೆ ಕಾಯಬೇಕಾಯಿತು.

ಇದೇ ವೇಳೆಗೆ ಬರ್ಕ್‌ಲಿಯಲ್ಲಿ ಟಿಜಿಯನ್ ಅವರ ಗುಂಪು ಮಾನವಕೋಶಗಳ ಸಾಮಗ್ರಿಯೊಡನೆ ಕೆಲಸ ನಡೆಸಿತ್ತು. ಸಾಮಾನ್ಯ ಪರಿವಾರದಲ್ಲಿ ಟಿ.ಎಫ್.೨-ಡಿ ಎಂಬುದೊಂದಿದೆ, ಆರಂಭಸ್ಥಾನವನ್ನು ಮೊದಲು ಗುರುತಿಸುವುದು ಅದೇ. ಅದರ ತಿರುಳಾದ ಟಿ.ಬಿ.ಪಿ. ಎಂಬ ಒಂದು ಪ್ರೋಟೀನನ್ನು ಶುದ್ಧರೂಪದಲ್ಲಿ ತಯಾರಿಸುವುದು ೧೯೮೯ರ ಬಳಿಕ ಸಾಧ್ಯವಾಯಿತು. ಶುದ್ಧವಾದದ್ದು ಸಿಕ್ಕಿದ ಮೇಲೆ ಅಶುದ್ಧವಾದದ್ದನ್ನು ಯಾರು ಬಳಸುತ್ತಾರೆ? ಫ್ರಾಂಕ್ಲಿನ್ ಪ್ಯೂ ಮತ್ತು ಟಿಜಿಯನ್ ಅವರು ಶುದ್ಧ ಟಿ.ಬಿ.ಪಿ.ಯನ್ನೇ ಹಾಕಿ ನೋಡಿದರು. ಓದು ಮಂದಗತಿಯಲ್ಲಿ ಸರಿಯಾಗಿಯೇ ನಡೆಯಿತು. ಆದರೆ ಎಸ್‌ಪಿ-೧ನ್ನು ಸೇರಿಸಿದರೆ ಏನೂ ಹೆಚ್ಚಳವಿಲ್ಲ! ಹಳೆಯ, ಕಲಬೆರಕೆಯ ಟಿ.ಎಫ್.೨-ಡಿ ಇದ್ದಾಗ ಮಾತ್ರ ಎಸ್‌ಪಿ-೧ರ ಆಜ್ಞೆ ನಡೆಯುತ್ತಿತ್ತು. ಶುದ್ಧೀಕರಣದಲ್ಲಿ ಕಸವೆಂದು ಬಿಟ್ಟುಬಂದುದರಲ್ಲೇ ಆಜ್ಞೆಯನ್ನು ತಲಪಿಸುವ ದೂತರಿದ್ದರು. ೧೯೯೦ರ ಆ ಪ್ರಬಂಧದಲ್ಲಿ ಇವರು ಬಳಸಿದ ಶಬ್ದವೇ ಸಹಪ್ರಚೋದಕ. ಟಿ.ಬಿ.ಪಿ.ಯ ಸುತ್ತ ಹನ್ನೆರಡು-ಹದಿಮೂರು ಇತರ ಪ್ರೋಟೀನುಗಳು ಸೇರಿಯೇ ಟಿ.ಎಫ್.೨-ಡಿ ಆಗುತ್ತದೆಂಬುದು ಮುಂದೆ ಗೊತ್ತಾಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ಈ ಇತಿಹಾಸದಲ್ಲಿ ಅತ್ಯಂತ ಸೊಗಸಾದ ಪ್ರಯೋಗ ಇದು. ಪ್ರಯೋಗ ನಡೆಯಲಿಲ್ಲವೆಂಬುದೇ ಅದರ ಫಲಿತಾಂಶ.

ಸಹಪ್ರಚೋದಕದ ಲಕ್ಷಣವನ್ನು ಈಗ ಸ್ಪಷ್ಟವಾಗಿ ಹೇಳಬಹುದು. ಪ್ರಚೋದಕದಂತೆ ಅದಕ್ಕೆ ಡಿ.ಎನ್.ಎ.ಯ ಮೇಲೆ ಸ್ವಂತ ಗುರುತಿಲ್ಲ. ಲಿಪಿಕಾರನಂತೆ ಅದು ಬರೆಯುವುದೂ ಇಲ್ಲ. ಇಬ್ಬರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಅದರ ಕೆಲಸ.

ಮನುಷ್ಯನಲ್ಲಿಯೂ ಯೀಸ್ಟಿನಂಥ ಮೀಡಿಯೇಟರ್ ಇದೆಯೆ ಎಂಬ ಶೋಧ ಮುಂದಿನ ಹಂತ. ರೋಡರ್ ಅವರ ಗುಂಪು ೧೯೯೬ರಲ್ಲಿ ಥೈರಾಯ್ಡ್ ಹಾರ್ಮೋನಿನ ಗ್ರಾಹಕಕ್ಕೆ ಅಂಟಿಕೊಂಡ ಒಂದು ಕೂಟವನ್ನು ಹಿಡಿದು ‘ಟ್ರ್ಯಾಪ್’ ಎಂದಿತು. ಡಿ ಜೀವಸತ್ವದ ಗ್ರಾಹಕವನ್ನು ಗಾಳವಾಗಿ ಬಳಸಿದವರಿಗೆ ಸಿಕ್ಕಿದ್ದು ‘ಡ್ರಿಪ್’. ಬರ್ಕ್‌ಲಿಯವರಿಗೆ ಸಿಕ್ಕಿದವು ‘ಆರ್ಕ್’ ಮತ್ತು ‘ಕ್ರಿಸ್ಪ್’. ನಮ್ಮ ಕಥೆಗೆ ಈ ಕೊನೆಯವೇ ಹತ್ತಿರ. ಏಕೆಂದರೆ ಎಸ್‌ಪಿ-೧ ಮತ್ತು ಎಸ್.ಆರ್.ಇ.ಬಿ.ಪಿ. ಎಂಬ ಕೊಲೆಸ್ಟೆರಾಲಿನ ಜೋಡಿಯನ್ನೇ ಗಾಜಿನ ನಳಿಕೆಯಲ್ಲಿ ಕೂಡಿಸಿ, ಅವು ಪರಸ್ಪರ ಬಲಗೊಳ್ಳಬೇಕಾದರೆ ಇನ್ನೇನು ಬೇಕೆಂದು ಹುಡುಕುವಾಗ ೧೯೯೮-೯೯ರಲ್ಲಿ ಅವು ದೊರೆತವು. ಒಂದೇ ಊರನ್ನು ನಾಲ್ಕು ದಾರಿಗಳಿಂದ ಹೊಕ್ಕು ನಾಲ್ಕು ಹೆಸರಿಟ್ಟಂತಾಗಿತ್ತು: ಘಟಕಗಳನ್ನು ಹೋಲಿಸಿ ನೋಡಿದಾಗ ಇವೆಲ್ಲವೂ ಮಾನವನ ಮೀಡಿಯೇಟರಿನ ರೂಪಗಳೇ. ಕೊನೆಗೆ ೨೦೦೪ರಲ್ಲಿ ಎಲ್ಲರೂ ಒಪ್ಪಿ, ಘಟಕಗಳಿಗೆ ಮೆಡ್-೧, ಮೆಡ್-೨ ಎಂದು ಕ್ರಮಸಂಖ್ಯೆಯ ಹೆಸರುಗಳನ್ನು ಕೊಟ್ಟರು. ಅದಕ್ಕೆ ಮುಂಚಿನ ಪ್ರಬಂಧಗಳನ್ನು ಓದುವ ವಿದ್ಯಾರ್ಥಿಯ ಪಾಡು ಮಾತ್ರ ದೇವರಿಗೇ ಪ್ರೀತಿ.

ಮೀಡಿಯೇಟರ್ ಹೇಗೆ ಕೆಲಸಮಾಡುತ್ತದೆಂದು ನೋಡುವ ಮೊದಲು ಇನ್ನೊಂದು ಅಡಚಣೆಯನ್ನು ಹೇಳಬೇಕು. ಭೌತವಿಜ್ಞಾನವನ್ನು ಬೋಧಿಸುವ ನನಗೆ ಇದು ಹೆಚ್ಚು ಹಿಡಿಸಿದ ಭಾಗವಾದುದರಿಂದ ಸ್ವಲ್ಪ ನಿಧಾನಿಸಿದರೆ ವಾಚಕರು ಕ್ಷಮಿಸಬೇಕು. ಎರಡು ಮೀಟರಿನ ಡಿ.ಎನ್.ಎ. ಕೋಶಕೇಂದ್ರದಲ್ಲಿ ಬರಿದೆ ತುರುಕಲ್ಪಟ್ಟಿಲ್ಲ. ಹಿಸ್ಟೋನುಗಳೆಂಬ ಪ್ರೋಟೀನುಗಳು ಎಂಟೆಂಟು ಸೇರಿ ಆದ ಉಂಡೆಗಳ ಸುತ್ತ ಅದು ಸುತ್ತಿಕೊಂಡಿದೆ. ಒಂದೊಂದು ಉಂಡೆಯ ಸುತ್ತ ೧೪೭ ಅಕ್ಷರಜೋಡಿಗಳಷ್ಟು ಉದ್ದ. ಈ ಸುತ್ತುವಿಕೆಗೆ ಆಧಾರ ಕೂಲಂಬನ ನಿಯಮವೇ. ಡಿ.ಎನ್.ಎ.ಯ ಬೆನ್ನೆಲುಬಿನಲ್ಲಿರುವ ಫಾಸ್ಫೇಟುಗಳು ಋಣ ವಿದ್ಯುದಂಶವುಳ್ಳವು. ಹಿಸ್ಟೋನುಗಳಲ್ಲಿ, ವಿಶೇಷವಾಗಿ ಉಂಡೆಯಿಂದ ಹೊರಚಾಚಿದ ಅವುಗಳ ಬಾಲಗಳಲ್ಲಿ, ಲೈಸೀನ್ ಎಂಬ ಅಮೈನೊ ಆಮ್ಲ ಹೇರಳವಾಗಿದೆ. ಅದು ಧನ ವಿದ್ಯುದಂಶವುಳ್ಳದ್ದು. ವಿರುದ್ಧ ವಿದ್ಯುದಂಶಗಳು ಒಂದನ್ನೊಂದು ಸೆಳೆಯುತ್ತವೆ. ಎಳೆ ಉಂಡೆಗೆ ಬಿಗಿಯಾಗಿ ಅಂಟುತ್ತದೆ. ಹೀಗೆ ಸುತ್ತಿಟ್ಟ ಜೀನಿನ ಆರಂಭಸ್ಥಾನ ಲಿಪಿಕಾರನ ಪರಿವಾರಕ್ಕೆ ಎಟುಕುವುದಿಲ್ಲ.

ಈಗ ಲೈಸೀನಿನ ತುದಿಗೆ ಅಸಿಟೈಲ್ ಎಂಬ ಚಿಕ್ಕ ಗುಂಪನ್ನು ಜೋಡಿಸಿದರೆ ಅದರ ಧನ ವಿದ್ಯುದಂಶ ಅಳಿಸಿಹೋಗುತ್ತದೆ. ಸೆಳೆತ ಸಡಿಲವಾಗುತ್ತದೆ. ಹಿಸ್ಟೋನುಗಳಿಗೆ ಹೀಗೆ ಅಸಿಟೈಲ್ ಸೇರುವುದಕ್ಕೂ ಜೀನು ಚುರುಕಾಗುವುದಕ್ಕೂ ಸಂಬಂಧವಿದೆಯೆಂದು ವಿನ್ಸೆಂಟ್ ಆಲ್‌ಫ್ರೇ ಅವರು ೧೯೬೪ರಲ್ಲಿಯೇ ಸೂಚಿಸಿದ್ದರು. ಜೋಡಿಸುವ ಕಿಣ್ವ ಯಾವುದೆಂದು ತಿಳಿಯಲು ಮೂವತ್ತೆರಡು ವರ್ಷ ಹಿಡಿಯಿತು. ೧೯೯೬ರಲ್ಲಿ ಡೇವಿಡ್ ಆಲಿಸ್ ಅವರ ಗುಂಪು ಟೆಟ್ರಹೈಮೆನ ಎಂಬ ಏಕಕೋಶಜೀವಿಯಿಂದ ಆ ಕಿಣ್ವವನ್ನು ಬೇರ್ಪಡಿಸಿ ನೋಡಿದಾಗ, ಯೀಸ್ಟಿನಲ್ಲಿ ಸಹಪ್ರಚೋದಕವೆಂದು ಆಗಲೇ ಪರಿಚಿತವಾಗಿದ್ದ ಒಂದು ಪ್ರೋಟೀನಿನ ಬಂಧುವೇ ಅದಾಗಿತ್ತು! ಅದೇ ವರ್ಷ ಮಾನವನ ಸಿ.ಬಿ.ಪಿ. ಮತ್ತು ಪಿ-೩೦೦ ಎಂಬ ಎರಡು ದೊಡ್ಡ ಸಹಪ್ರಚೋದಕಗಳಿಗೂ ಈ ಸಾಮರ್ಥ್ಯವಿರುವುದು ತಿಳಿದುಬಂದಿತು. ಎಸ್.ಆರ್.ಇ.ಬಿ.ಪಿ. ಕೈಹಿಡಿದು ತರುವವರಲ್ಲಿ ಸಿ.ಬಿ.ಪಿ.ಯೂ ಒಬ್ಬ. ವಿದ್ಯುದಂಶವನ್ನು ಅಳಿಸುವುದೊಂದೇ ಇದರ ಫಲವಲ್ಲವೆಂಬುದನ್ನೂ ಹೇಳಬೇಕು. ಅಸಿಟೈಲ್ ಸೇರಿದ ಬಾಲವನ್ನೇ ಗುರುತಾಗಿ ಹಿಡಿದು ಬಂದು ಕೂಡುವ ಬೇರೆ ಪ್ರೋಟೀನುಗಳೂ ಇವೆ.

ದಾರಿ ತೆರೆದ ಮೇಲೆ ಮೀಡಿಯೇಟರಿನ ಸರದಿ. ಮಾನವನ ಮೀಡಿಯೇಟರಿನಲ್ಲಿ ೨೬ ಘಟಕಗಳಿವೆ. ನಾಲ್ಕು ಘಟಕಗಳ ಇನ್ನೊಂದು ತುಂಡು ಆಗಾಗ ಬಂದು ಸೇರಿ ಹೋಗುತ್ತಿರುತ್ತದೆ. ಅದರ ತೂಕ ಹೈಡ್ರೊಜನ್ ಪರಮಾಣುವಿನ ಸುಮಾರು ೧೪ ಲಕ್ಷ ಮಡಿ. ಹಿಮೋಗ್ಲೋಬಿನ್ ಅಣುವಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು, ಲಿಪಿಕಾರನಿಗಿಂತಲೂ ಎರಡು ಪಟ್ಟಿಗೂ ಹೆಚ್ಚು. ಮಧ್ಯಸ್ಥನೇ ಯಜಮಾನನಿಗಿಂತ ದಪ್ಪ! ಇದರ ವಿಸ್ತಾರವಾದ ಮೈಯ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಪ್ರಚೋದಕಗಳಿಗೆ ಹಿಡಿತದ ಸ್ಥಳಗಳಿವೆ. ಪ್ರಚೋದಕ ಹಿಡಿದಾಗ ಕೂಟದ ಆಕಾರವೇ ಬದಲಾಗುತ್ತದೆ. ೨೦೦೨ರಲ್ಲಿ ಡೈಲನ್ ಟಾಟ್ಜಸ್, ಈವಾ ನೊಗಾಲಿಸ್, ಟಿಜಿಯನ್ ಮೊದಲಾದವರು ಇಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡರು: ಎಸ್.ಆರ್.ಇ.ಬಿ.ಪಿ. ಹಿಡಿದಾಗ ಒಂದು ಆಕಾರ, ಹರ್ಪಿಸ್ ವೈರಸ್ಸಿನ ಒಂದು ಪ್ರಚೋದಕ ಹಿಡಿದಾಗ ಇನ್ನೊಂದು, ಯಾರೂ ಹಿಡಿಯದಿದ್ದಾಗ ಮತ್ತೊಂದು.

ಆಕಾರ ಬದಲಾದ ಕೂಟವು ಲಿಪಿಕಾರನನ್ನು ಬರಮಾಡಿಕೊಂಡು ಆರಂಭಸ್ಥಾನದಲ್ಲಿ ಕೂರಿಸುತ್ತದೆ. ಕೂರಿಸಿದರೆ ಸಾಲದು, ಹೊರಡಿಸಲೂ ಬೇಕು. ಲಿಪಿಕಾರನಿಗೆ ಉದ್ದವಾದ ಒಂದು ಬಾಲವಿದೆ. ಏಳು ಅಮೈನೊ ಆಮ್ಲಗಳ ಒಂದೇ ನಮೂನೆ ಅದರಲ್ಲಿ, ಮನುಷ್ಯನಲ್ಲಿ, ೫೨ ಸಲ ಪುನರಾವರ್ತನೆಗೊಂಡಿದೆ. ಮೀಡಿಯೇಟರ್ ಈ ಬಾಲವನ್ನು ಹಿಡಿದುಕೊಂಡು, ಪರಿವಾರದಲ್ಲಿರುವ ಒಂದು ಕಿಣ್ವ ಅದಕ್ಕೆ ಫಾಸ್ಫೇಟುಗಳನ್ನು ಸೇರಿಸುವಂತೆ ಅನುಕೂಲಮಾಡಿಕೊಡುತ್ತದೆ. ಫಾಸ್ಫೇಟು ಸೇರಿದ ಬಾಲಕ್ಕೆ ಮೀಡಿಯೇಟರಿನೊಡನೆ ಸ್ನೇಹ ಕಡಿಮೆ. ಹಿಡಿತ ಬಿಡುತ್ತದೆ, ಲಿಪಿಕಾರ ಹೊರಡುತ್ತದೆ, ಗ್ರಾಹಕದ ಜೀನು ಓದಲ್ಪಡುತ್ತದೆ.

ಇಂಥ ಕ್ರಿಯೆಗೆ ಜೀನಿನ ಸ್ವಿಚ್ಚು ಹಾಕುವುದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ನನಗೆ ಅಷ್ಟಾಗಿ ಒಪ್ಪಿಗೆಯಾಗದ ಉಪಮಾನ. ಸ್ವಿಚ್ಚಿಗೆ ಎರಡೇ ಸ್ಥಿತಿಗಳು. ಒಂದು ಬೆರಳು ಸಾಕು. ಇಲ್ಲಿ ಹಲವು ಪ್ರಚೋದಕಗಳು ಹಲವು ಕಡೆ ಹಿಡಿದು ಎಳೆಯುತ್ತವೆ, ಕೆಲವು ಪ್ರೋಟೀನುಗಳು ತಡೆಯುತ್ತವೆ, ಎಲ್ಲದರ ಫಲ ಒಂದು ಮೈಯಲ್ಲಿ ಕೂಡಿಕೊಂಡು ಓದಿನ ವೇಗ ನಿರ್ಧಾರವಾಗುತ್ತದೆ. ತಕ್ಕಡಿಯೆಂದರೆ ಹೆಚ್ಚು ಸರಿ. ಕೊಲೆಸ್ಟೆರಾಲಿನ ಕೊರತೆ ಎಷ್ಟೋ ಅಷ್ಟೇ ಗ್ರಾಹಕಗಳು ತಯಾರಾಗಬೇಕಾದಲ್ಲಿ ತಕ್ಕಡಿಯೇ ಬೇಕು.

ತಕ್ಕಡಿಯ ಕಲ್ಲಿನಲ್ಲಿ ವ್ಯತ್ಯಾಸವಾದರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳಿವೆ. ೧೯೬೩ರಲ್ಲಿ ಜ್ಯಾಕ್ ರೂಬಿನ್‌ಸ್ಟೈನ್ ಮತ್ತು ಹೂಷಂಗ್ ತೈಬಿ ಎಂಬ ವೈದ್ಯರು ಕೆಲವು ಮಕ್ಕಳಲ್ಲಿ ಅಗಲವಾದ ಹೆಬ್ಬೆರಳುಗಳೂ ಬುದ್ಧಿಯ ಬೆಳವಣಿಗೆಯ ಕುಂಠಿತವೂ ಒಟ್ಟಿಗೆ ಇರುವುದನ್ನು ವರ್ಣಿಸಿದರು. ಲಕ್ಷ ಜನನಗಳಲ್ಲಿ ಸುಮಾರು ಒಂದರಲ್ಲಿ ಇದು ಕಾಣುತ್ತದೆ. ಇವರಲ್ಲಿ ಬಹುಮಂದಿಗೆ ಸಿ.ಬಿ.ಪಿ.ಯ ಜೀನಿನಲ್ಲಿಯೇ ದೋಷವಿದೆಯೆಂಬುದು ೧೯೯೫ರಿಂದೀಚೆಗೆ ತಿಳಿಯಿತು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಆ ಜೀನಿನ ಎರಡು ಪ್ರತಿಗಳಿರುತ್ತವೆ, ಕೆಟ್ಟಿರುವುದು ಒಂದೇ. ಸಿ.ಬಿ.ಪಿ. ಇಲ್ಲವಾಗಿಲ್ಲ, ಅರ್ಧಕ್ಕಿಳಿದಿದೆ. ಅಷ್ಟಕ್ಕೇ ಮಗುವಿನ ಕೈಬೆರಳಿನಿಂದ ಮಿದುಳಿನ ವರೆಗೆ ಲೆಕ್ಕ ತಪ್ಪುತ್ತದೆ. ಮೀಡಿಯೇಟರಿನ ಮೆಡ್-೧೨ ಎಂಬ ಘಟಕದ ಸಂಗತಿ ಇನ್ನೂ ಹೆಚ್ಚು ಜನರನ್ನು ಮುಟ್ಟುವಂಥದು. ಹೆಂಗಸರ ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆಗಳು ಬಹು ಸಾಮಾನ್ಯವಾದವು. ಫಿನ್ಲೆಂಡಿನ ವಿಜ್ಞಾನಿಗಳು ೨೦೧೧ರಲ್ಲಿ ಇಂಥ ೨೨೫ ಗಡ್ಡೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ ೭೦ರಷ್ಟರಲ್ಲಿ ಮೆಡ್-೧೨ರ ಜೀನು ಬದಲಾಗಿತ್ತು. ಅದೂ ಹೆಚ್ಚುಕಡಮೆ ಜೀನಿನ ಒಂದೇ ಭಾಗದಲ್ಲಿ.

ಯೀಸ್ಟಿನ ಲಿಪಿಕಾರನ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿದುದಕ್ಕಾಗಿ ಕಾರ್ನ್‌ಬರ್ಗ್ ಅವರಿಗೆ ೨೦೦೬ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ಮಾನವನ ಮೀಡಿಯೇಟರ್ ತನ್ನ ಇಡೀ ಪರಿವಾರದೊಡನೆ ಆರಂಭಸ್ಥಾನದ ಮೇಲೆ ಕುಳಿತಿರುವ ಚಿತ್ರಗಳು ಅತಿಶೀತದಲ್ಲಿ ಹೆಪ್ಪುಗಟ್ಟಿಸಿದ ಮಾದರಿಗಳಿಂದ ೨೦೨೧ರಲ್ಲಿ ದೊರೆತವು. ಆದರೆ ಹೆಪ್ಪುಗಟ್ಟಿದ ಚಿತ್ರದಲ್ಲಿ ಚಲನೆಯಿಲ್ಲ. ಹೊಳೆಯುವ ಗುರುತುಗಳನ್ನು ಕಟ್ಟಿ ಜೀವಂತ ಇಲಿಕೋಶಗಳಲ್ಲಿ ಮೀಡಿಯೇಟರನ್ನೂ ಲಿಪಿಕಾರನನ್ನೂ ೨೦೧೮ರಲ್ಲಿ ಹಿಂಬಾಲಿಸಿದವರಿಗೆ ಕಂಡದ್ದು ಬೇರೊಂದು ನೋಟ: ಅವು ಗುಂಪುಗುಂಪಾಗಿ ಕೂಡಿ, ಕೆಲವು ಗುಂಪುಗಳು ಕೆಲವೇ ಸೆಕೆಂಡುಗಳಲ್ಲಿ ಚದುರಿ, ಇನ್ನು ಕೆಲವು ನಿಮಿಷಗಟ್ಟಲೆ ಉಳಿದು, ನೀರಿನಲ್ಲಿ ಎಣ್ಣೆಯ ಹನಿಗಳಂತೆ ಒಂದರೊಡನೊಂದು ಬೆರೆಯುತ್ತವೆ. ಈ ಹನಿಗಳು ಕೂಡುವುದರಿಂದ ಜೀನು ಎಚ್ಚರಗೊಳ್ಳುತ್ತದೆಯೋ, ಎಚ್ಚರಗೊಂಡ ಜೀನಿನ ಸುತ್ತ ಹನಿಗಳು ಕೂಡುತ್ತವೆಯೋ ಎಂಬ ವಾದ ಇಂದಿಗೂ ನಡೆದಿದೆ. ಉಭಯಪಕ್ಷದವರೂ ಸೂಕ್ಷ್ಮದರ್ಶಕದ ಮುಂದೆ ಕುಳಿತು ಸೆಕೆಂಡುಗಳನ್ನು ಎಣಿಸುತ್ತಿದ್ದಾರೆ.